ಸಿಂಹ ನೆಟ್ಟಗೆ, ಅಂಕಿ ತಲೆಕೆಳಗೆ

ಮೂರನೆಯ ಮಹಡಿಯ ಮನೆಯಿಂದ
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರಬೇಡ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು. ಹೀಗೆ ಹೇಳುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಹೇಳಿದ್ದೇನೆ. ಪುಟಾಣಿಗೆ ಹೋದ ತಿಂಗಳು ಮೂರು ತುಂಬಿತು. ಅವಳು ಈಗ ಎಲ್ಲರನ್ನೂ ಪ್ರಶ್ನೆ ಕೇಳಿ ಸುಸ್ತು ಮಾಡುತ್ತಾಳಂತೆ, ಊಟಕ್ಕೆ ಕೂತರೆ ತಟ್ಟೆಯ ಸುತ್ತ ಮೂರು ಸುತ್ತು ಓಡುತ್ತಾಳಂತೆ. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ನಿಮ್ಮ ಅಮ್ಮನ ಕಣ್ಣು ಎರಡು ವರ್ಷದಿಂದ ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಪರೀಕ್ಷೆಯಾಗುತ್ತಿದೆ. ಇಷ್ಟು ಹೊತ್ತಿಗೆ ಅವಳಿಗೆ ಗೋಡೆಯಾಚೆ ಇರುವುದೂ ಕಾಣಬೇಕಿತ್ತು. ಪ್ರತಿ ಸಲವೂ ಕಣ್ಣಿನ ಡಾಕ್ಟರ ಮನೆಯಿಂದ ಬರುವಾಗ ಅವಳ ಚೀಲದಲ್ಲಿ ಬಣ್ಣದ ಗೀಚುಗಳಿರುವ ಹಾಳೆ ಇರುತ್ತದೆ. ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಪರಿಚಯದವಳಿಗೆ ಫೋನಿನಲ್ಲಿ ಪುಟಾಣಿಯ ಸುದ್ದಿ ಹೇಳುವಾಗ ಸ್ವಲ್ಪ ಜೋರಾಗಿ ಹೇಳುತ್ತಾಳೆ, ಅಷ್ಟೆ.

ನಾನು ಇದ್ದೇನೆ. ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ಕೂರುತ್ತೇನೆ. ಕೆಳಗಿನ ಮನೆಯ ಮುದುಕಿ ಮೊದಲ ತಿರುವಿನಲ್ಲಿ ನನಗಾಗಿಯೇ ಒಂದು ಹಳೆಯ ಸ್ಟೂಲು ಇಟ್ಟಿದ್ದಾಳೆ, ಅವಳಿಗೆ ಪುಣ್ಯ ಬರಲಿ. ಬಲಗೈ ಮಣಿಕಟ್ಟು ಮೋಡ ಕವಿದ ದಿನ ನೋಯುತ್ತದೆ, ಬಿಸಿಲಿದ್ದರೂ ನೋಯುತ್ತದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿಲ್ಲ, ಆದರೆ ಒಂದೊಂದೇ ಪದ ಆಡುತ್ತಾಳೆ. ಬೆಳಿಗ್ಗೆ ‘ಕಾಫಿ’, ಮಧ್ಯಾಹ್ನ ‘ಊಟ’, ಸಂಜೆ ‘ಮಾತ್ರೆ’. ತಂತಿ ಕಳಿಸುವವರ ಹಾಗೆ ಪದಕ್ಕೆ ಇಷ್ಟು ಎಂದು ಯಾರೋ ವಸೂಲಿ ಮಾಡುತ್ತಾರೇನೋ. ಮೊದಲೆಲ್ಲ ಕೋಪ ಬರುತ್ತಿತ್ತು, ಈಗ ಅದೂ ಬರುವುದಿಲ್ಲ. ಆಯಾಸವಾಗಿದೆ ಮಗಳೇ. ಕೋಪ ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕು ಎನ್ನುವುದು ಈ ವಯಸ್ಸಿನಲ್ಲಿ ಗೊತ್ತಾಗುತ್ತಿದೆ.

ವಿಷಯಕ್ಕೆ ಬರುತ್ತೇನೆ. ಅಳಿಯಂದಿರು ಎಂದು ಮರ್ಯಾದೆಯಾಗಿ ಬರೆಯಬೇಕೆಂದೇ ಕೂತೆ, ಆದರೆ ಕೈ ಒಪ್ಪುತ್ತಿಲ್ಲ. ನಮ್ಮ ಮನೆಗೆ ಬಂದ ಮೊದಲ ದಿನದಿಂದ ಅವನನ್ನು ಮಗನ ಹಾಗೆ ಏಕವಚನದಲ್ಲೇ ಕರೆದವನು ನಾನು. ನಾನು ಪ್ರೆಸ್ಸಿನ ಕೆಲಸದಿಂದ ನಿವೃತ್ತನಾದ ಹೊಸದರಲ್ಲಿ ಮನೆಯಲ್ಲಿ ಎಷ್ಟು ಕಾಟ ಕೊಡುತ್ತಿದ್ದೆ ಎಂಬುದು ನಿನಗೆ ನೆನಪಿದೆಯಲ್ಲ. ನಲವತ್ತು ವರ್ಷ ಬೈಂಡಿಂಗ್ ವಿಭಾಗದಲ್ಲಿ ಅಚ್ಚಾದ ಹಾಳೆಗಳ ಫಾರಂ ಮಡಿಸಿ, ಹೊಲಿದು, ಅಂಟು ಹಚ್ಚಿ, ಪುಟಗಳು ಸರಿಯಾಗಿ ಬಂದಿವೆಯೇ ಎಂದು ಒಂದೊಂದಾಗಿ ತಿರುವಿ ನೋಡಿದವನು. ಅಂಥವನಿಗೆ ಮನೆಯಲ್ಲಿ ತಪ್ಪು ಹುಡುಕುವುದಕ್ಕೆ ಅಮ್ಮನ ಅಡುಗೆ ಬಿಟ್ಟರೆ ಬೇರೇನಿತ್ತು? ಆಗ ಅವನೇ ನನಗೆ ಈ ನಾಣ್ಯದ ಚಟ ಹಚ್ಚಿದ್ದು. ಅವನ ಕೆಲಸವೇ ಕಾಸು ಹಾಕುವ ಯಂತ್ರಗಳ ರಿಪೇರಿಯಲ್ಲವೇ? ನಿಲ್ದಾಣದ ತೂಕದ ಯಂತ್ರ, ಮಕ್ಕಳ ಆಟದ ಯಂತ್ರ, ಬಿಸ್ಕತ್ತು ಉದುರಿಸುವ ಯಂತ್ರ. ಯಂತ್ರಕ್ಕೆ ಒಪ್ಪಿಗೆಯಾಗದ ನಾಣ್ಯಗಳು ಕೆಳಗಿನ ತಟ್ಟೆಗೆ ಬೀಳುತ್ತವಂತೆ. ಅವುಗಳಲ್ಲಿ ವಿಚಿತ್ರವಾಗಿ ಕಂಡದ್ದಕ್ಕೆ ತನ್ನ ಜೇಬಿನಿಂದ ಅಷ್ಟೇ ಬೆಲೆಯ ಒಳ್ಳೆಯ ನಾಣ್ಯ ಹಾಕಿ, ಅದನ್ನು ಕಾಗದದಲ್ಲಿ ಸುತ್ತಿ ನನಗೆ ತರುತ್ತಿದ್ದ. ಜೇಬಿನಿಂದ ಹಾಕುತ್ತಿದ್ದ ಎನ್ನುವುದು ನನಗೆ ಆಗಲೂ ಚೆನ್ನಾಗಿ ಗೊತ್ತಿತ್ತು.

ನಾನೆಂಥ ಶಿಷ್ಯ ಎಂದರೆ, ಮೊದಲ ತಿಂಗಳು ಅವನು ತಂದುಕೊಟ್ಟದ್ದನ್ನೆಲ್ಲ ಹಿತ್ತಾಳೆ ಉಜ್ಜುವ ಪುಡಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿಟ್ಟೆ. ಅವನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ‘ಅಯ್ಯೋ ಮಾವ, ಮುಖಾನೇ ಕೆರೆದು ಹಾಕಿದ್ದೀರಲ್ಲ! ಕೊಳೆ ಇದ್ರೂ ಪರವಾಗಿಲ್ಲ, ಉಜ್ಜಬಾರದು.’ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ದೀಪವನ್ನು ಮೇಲಿನಿಂದಲ್ಲ ಪಕ್ಕದಿಂದ ಬಿಡಬೇಕು, ಭೂತಗನ್ನಡಿಯನ್ನು ಕಣ್ಣಿನ ಹತ್ತಿರ ಇಟ್ಟುಕೊಂಡು ನಾಣ್ಯವನ್ನು ಮೇಲೆತ್ತಬೇಕು. ಇದೆಲ್ಲ ಅವನಿಂದ ಕಲಿತದ್ದು. ಎಲ್ಲಕ್ಕಿಂತ ಮುಖ್ಯವಾಗಿ ಅವನು ಒಂದು ಮಾತು ಹೇಳುತ್ತಿದ್ದ: ‘ಹುಟ್ಟಿದ್ದೇ ಹೀಗಾ, ಇಲ್ಲಾ ಆಮೇಲೆ ಪೆಟ್ಟು ತಿಂದಿದ್ದಾ, ಅದನ್ನ ಮೊದ್ಲು ನೋಡಿ ಮಾವ.’ ಟಂಕಸಾಲೆಯಿಂದಲೇ ತಪ್ಪಾಗಿ ಹೊರಬಿದ್ದ ನಾಣ್ಯಕ್ಕೆ ಮಾತ್ರ ಬೆಲೆ, ರೈಲಿನ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದದ್ದು, ಯಾರೋ ಸುತ್ತಿಗೆಯಿಂದ ಬಡಿದದ್ದು ಬರೀ ಕಬ್ಬಿಣ. ಅಂಚು ಕಚ್ಚಿದಂತಿದ್ದ ಒಂದು ನಾಣ್ಯ ಸಿಕ್ಕಾಗ ನಾನು ಮನೆಯೆಲ್ಲ ಕುಣಿದಾಡಿದ್ದೆ. ಅವನು ಎದುರಂಚನ್ನು ನೋಡಿದ. ಹುಟ್ಟಿನಲ್ಲೇ ತುಂಡಾಗಿದ್ದರೆ ಅದಕ್ಕೆ ನೇರ ಎದುರಿಗಿರುವ ಅಂಚೂ ಮಸುಕಾಗಿರುತ್ತದಂತೆ. ಇದರಲ್ಲಿ ಆ ಅಂಚು ಸ್ಪಷ್ಟವಾಗಿತ್ತು. ‘ಯಾರೋ ಕತ್ತರಿಸಿದ್ದಾರೆ, ಬಿಡಿ ಮಾವ’ ಎಂದ. ಎರಡು ದಿನ ನಾನು ಅವನ ಜೊತೆ ಮುಖ ಗಂಟಿಕ್ಕಿಕೊಂಡೇ ಮಾತಾಡಿದೆ. ಪ್ರತಿ ನಾಣ್ಯದ ತೂಕ, ಗೀರು, ಗುರುತುಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ ಎಂದು ಹತ್ತು ಸಲ ಹೇಳಿದ್ದ. ನಾನು ಸೋಮಾರಿ. ನೋಟ್‌ಪುಸ್ತಕಕ್ಕೆ ಚೆಂದದ ರಟ್ಟು ಕಟ್ಟಿದೆ, ಒಳಗೆ ಒಂದಕ್ಷರ ಬರೆಯಲಿಲ್ಲ.

ಆ ಐದರ ನಾಣ್ಯ ಮಾತ್ರ ನನಗೇ ಸಿಕ್ಕಿದ್ದು, ಸೋಪು ತಂದ ಚಿಲ್ಲರೆಯಲ್ಲಿ. ನಿನ್ನ ಪರ್ಸಿನಿಂದ ಒಂದು ಐದರ ನಾಣ್ಯ ತೆಗೆದುಕೋ, ಆಗ ನಾನು ಹೇಳುವುದು ಸರಿಯಾಗಿ ತಿಳಿಯುತ್ತದೆ. ಸಿಂಹ ಇರುವ ಮುಖವನ್ನು ನೆಟ್ಟಗೆ ಹಿಡಿ. ಈಗ ಪುಸ್ತಕದ ಪುಟ ತಿರುವುವ ಹಾಗೆ ಬಲದಿಂದ ಎಡಕ್ಕೆ ತಿರುಗಿಸು. ಹಿಂದಿನ ಅಂಕಿಯೂ ನೆಟ್ಟಗೇ ಇದೆಯಲ್ಲ? ನಮ್ಮ ನಾಣ್ಯಗಳೆಲ್ಲ ಹಾಗೆಯೇ. ನನಗೆ ಸಿಕ್ಕಿದ್ದರಲ್ಲಿ ಸಿಂಹ ನೆಟ್ಟಗಿತ್ತು, ಪುಟ ತಿರುವಿದರೆ ಅಂಕಿ ತಲೆಕೆಳಗಾಗಿತ್ತು. ಟಂಕಸಾಲೆಯಲ್ಲಿ ಒಂದು ಅಚ್ಚನ್ನು ತಿರುಗಾ ಮುರುಗಾ ಕೂರಿಸಿಬಿಟ್ಟಿದ್ದರು. ಅಳಿಯ ಭೂತಗನ್ನಡಿಯಲ್ಲಿ ಕಾಲು ಗಂಟೆ ನೋಡಿ, ‘ಇದು ಹುಟ್ಟು ತಪ್ಪೇ ಮಾವ! ನೀವು ಗೆದ್ರಿ’ ಎಂದು ನನ್ನ ಕೈ ಕುಲುಕಿದ. ನಲವತ್ತು ವರ್ಷ ಬೇರೆಯವರ ಪುಸ್ತಕದಲ್ಲಿ ತಪ್ಪು ಹಿಡಿದರೆ ಬೈಗುಳ ಸಿಗುತ್ತಿತ್ತು; ಸರಕಾರದ ತಪ್ಪು ಹಿಡಿದದ್ದಕ್ಕೆ ಮೊದಲ ಸಲ ಯಾರೋ ಕೈ ಕುಲುಕಿದ್ದರು. ನಾನು ಅದನ್ನು ಹತ್ತಿಯಲ್ಲಿ ಸುತ್ತಿ ಮಾತ್ರೆಯ ಡಬ್ಬಿಯಲ್ಲಿಟ್ಟೆ. ಆಮೇಲೆ ಅವನ ಪರಿಚಯದ ಒಬ್ಬ ಹಳೆಯ ಸಂಗ್ರಾಹಕರಿಗೆ ತೋರಿಸಿಕೊಂಡು ಬಾ ಎಂದು ನಾನೇ ಅವನ ಕೈಗೆ ಕೊಟ್ಟೆ. ಅವನಾಗಿ ಕೇಳಿರಲಿಲ್ಲ.

ಅದಾದ ಮೂರನೆಯ ದಿನ ಬಚ್ಚಲಲ್ಲಿ ಜಾರಿಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಎಡಗೈಯಲ್ಲಿ ಗುಂಡಿ ಹಾಕಲು ಬಾರದೆ, ಹಲ್ಲುಜ್ಜಲು ಬಾರದೆ, ನಮ್ಮ ಮನೆಯಲ್ಲಿ ನಾನೊಂದು ಕೂಸು, ನಿಮ್ಮ ಮನೆಯಲ್ಲಿ ಪುಟಾಣಿ ಒಂದು ಕೂಸು. ಆ ಸಿಡುಕಿನಲ್ಲೇ ಅವಳ ಮೊದಲ ಹುಟ್ಟುಹಬ್ಬದ ಊಟಕ್ಕೆ ನಿಮ್ಮ ಮನೆಗೆ ಬಂದದ್ದು. ಅಳಿಯ ನಾಣ್ಯವನ್ನು ತಂದು ನನ್ನ ಮುಂದಿಟ್ಟ. ನಾನು ಮೇಜಿನ ಮೇಲೆ ಸಿಂಹವನ್ನು ನೋಡಿದೆ, ನೆಟ್ಟಗಿತ್ತು. ಎಡಗೈ ಹೆಬ್ಬೆರಳಿನಿಂದ ನಾಣ್ಯವನ್ನು ಮೇಜಿನ ಅಂಚಿಗೆ ಎಳೆದು, ಕೆಳಗಿನಿಂದ ಎತ್ತಿ ಮಗುಚಿದೆ. ಅಂಕಿಯೂ ನೆಟ್ಟಗಿತ್ತು! ಅಂಗಡಿಯಲ್ಲಿ ಸಿಗುವ ಐದರ ಹಾಗೆಯೇ ಇತ್ತು. ಮುಂದಿನದು ನಿನಗೆ ಗೊತ್ತು. ‘ಇದು ನನ್ನದಲ್ಲ’ ಎಂದೆ. ಅವನು, ‘ಅದೇ ನಾಣ್ಯ ಮಾವ, ಇನ್ನೊಂದ್ಸಲ ನೋಡಿ, ಕೊಡಿ ಇಲ್ಲಿ ತೋರಿಸ್ತೀನಿ’ ಎಂದು ಕೈ ಚಾಚಿದ. ‘ಮುಟ್ಟಬೇಡ!’ ಎಂದು ಕೂಗಿದೆ. ಇನ್ನೊಂದು ಸಲ ನೋಡಿದೆ, ಅದೇ ಎಡಗೈಯಲ್ಲಿ, ಹಾಗೆಯೇ ಮಗುಚಿ. ಆಮೇಲೆ ಇಪ್ಪತ್ತು ಜನರ ಎದುರು, ಮಗು ಕೇಕಿಗೆ ಕೈ ಹಾಕಿ ಕೂತಿದ್ದಾಗ, ಆ ಮಾತು ಆಡಿದೆ: ‘ದಿನಾ ಯಂತ್ರದ ಹೊಟ್ಟೆಯಿಂದ ಕಾಸು ಬಾಚೋನಿಗೆ ಮಾವನ ಡಬ್ಬಿ ಯಾವ ಲೆಕ್ಕ?’

ನೀನು ಮಗುವಿನ ಕೈ ತೊಳೆದು, ಅದನ್ನು ಎತ್ತಿಕೊಂಡು, ಅವನ ಕೈ ಹಿಡಿದು ಒಳಗೆ ಹೋದೆ. ಹೋಗುವಾಗ, ‘ಅಪ್ಪಾ, ಇದನ್ನ ವಾಪಸ್ ತಗೊಳ್ಳೋವರೆಗೂ ನಾನು ಆ ಮನೆ ಮೆಟ್ಟಿಲು ಹತ್ತಲ್ಲ’ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊಟದಲ್ಲಿದ್ದ ನಿನ್ನ ಸೋದರಮಾವನ ಮಗ ಅಳಿಯನ ಕಂಪನಿಯಲ್ಲೇ ಗುಮಾಸ್ತ, ಬಾಯಿಗೆ ಬೀಗವಿಲ್ಲದವನು. ಅವನು ಅದನ್ನು ಆಫೀಸಿನಲ್ಲಿ ತಮಾಷೆಯಾಗಿ ಹೇಳಿದನಂತೆ. ತಮಾಷೆ ಬಾಯಿಂದ ಬಾಯಿಗೆ ಹೋಗುತ್ತ ಮ್ಯಾನೇಜರ ಕಿವಿ ಮುಟ್ಟುವಷ್ಟರಲ್ಲಿ ತಮಾಷೆಯಾಗಿ ಉಳಿದಿರಲಿಲ್ಲ. ಊಟವಾದ ಹನ್ನೆರಡನೆಯ ವಾರ ಒಂದು ಬೆಳಿಗ್ಗೆ ಅಮ್ಮ ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ, ‘ಅವನಿಂದ ಯಂತ್ರಗಳ ಬೀಗದ ಕೈ ಗೊಂಚಲು ಕಿತ್ಕೊಂಡ್ರಂತೆ, ಗೋಡೌನಿಗೆ ಹಾಕಿದ್ದಾರಂತೆ. ಈಗ ಸಮಾಧಾನ ಆಯ್ತಾ ನಿಮಗೆ?’ ಎಂದಳು. ಅವಳು ನನ್ನ ಜೊತೆ ಆಡಿದ ಕೊನೆಯ ಪೂರ್ತಿ ವಾಕ್ಯ ಅದು.

ಆ ಐದನ್ನೂ ಸೇರಿಸಿ ನಾಣ್ಯಗಳ ಡಬ್ಬಿಯನ್ನು ಊಟದ ಮಾರನೆಯ ದಿನವೇ ಅಮ್ಮನಿಂದ ಅಟ್ಟದ ಮೇಲೆ ಹಾಕಿಸಿದ್ದೆ. ಮೊನ್ನೆಯವರೆಗೂ ಅದನ್ನು ತೆಗೆಯಲಿಲ್ಲ. ಕಣ್ಣೂ ಸಾಲದು, ಆಸೆಯೂ ಇಲ್ಲ, ಮಾರಿಬಿಡೋಣ ಎಂದು ಹೋದ ಗುರುವಾರ ಇಳಿಸಿ, ಬಸ್ ನಿಲ್ದಾಣದ ಎದುರಿನ ಗಡಿಯಾರ ರಿಪೇರಿಯವನ ಹತ್ತಿರ ಕೊಂಡುಹೋದೆ. ಅವನೂ ನಾಣ್ಯ ಸಂಗ್ರಹಿಸುತ್ತಾನೆ. ಒಂದೊಂದಾಗಿ ನೋಡುತ್ತ ಆ ಐದನ್ನು ಕೈಗೆತ್ತಿಕೊಂಡ. ‘ಅದು ಬಿಡಿ, ಬದಲಾಗಿರೋ ನಾಣ್ಯ ಅದು’ ಎಂದೆ. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜನ್ನು ತೆಗೆದು ನನ್ನನ್ನೇ ನೋಡಿದ. ‘ಎಲ್ಲಿ ಬದಲಾಗಿದೆ ಯಜಮಾನ್ರೇ? ಇಡೀ ಡಬ್ಬೀಲಿ ಹುಟ್ಟು ತಪ್ಪು ಅಂತ ಇರೋದೇ ಇದೊಂದು’ ಎಂದ. ಆಗುವುದೇ ಇಲ್ಲ ಎಂದೆ. ‘ನೀವು ಹೇಗೆ ತಿರುಗಿಸಿ ನೋಡಿದ್ರಿ, ತೋರಿಸಿ’ ಎಂದ. ಎಡಗೈಯಲ್ಲಿ ಅಂಚಿಗೆ ಎಳೆದು ಮಗುಚಿ ತೋರಿಸಿದೆ. ಅವನು ನಕ್ಕ. ತನ್ನ ಗಲ್ಲಾಪೆಟ್ಟಿಗೆಯಿಂದ ಒಂದು ಸಾಮಾನ್ಯ ಐದನ್ನು ತೆಗೆದು ನನ್ನ ಹಾಗೆಯೇ ಮಗುಚಿದ. ಅದರ ಅಂಕಿ ತಲೆಕೆಳಗಾಗಿ ಬಂತು.

ನೀನೂ ಮಾಡಿ ನೋಡು. ಪುಟ ತಿರುವಿದ ಹಾಗಲ್ಲ, ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿದ ಹಾಗೆ ಕೆಳಗಿನಿಂದ ಮೇಲಕ್ಕೆ ಮಗುಚು. ಸರಿಯಾದ ನಾಣ್ಯ ತಪ್ಪಾಗಿ ಕಾಣುತ್ತದೆ, ತಪ್ಪು ನಾಣ್ಯ ಸರಿಯಾಗಿ ಕಾಣುತ್ತದೆ. ನಲವತ್ತು ವರ್ಷ ಪುಟ ತಿರುವಿದ ಬಲಗೈ ಎಂದೂ ಹಾಗೆ ಮಗುಚುತ್ತಿರಲಿಲ್ಲ. ಎಡಗೈಗೆ ಆ ಅಭ್ಯಾಸ ಇರಲಿಲ್ಲ, ಅದು ತನಗೆ ಬಂದಂತೆ ಮಾಡಿತು. ಪಕ್ಕದಲ್ಲಿ ಇನ್ನೊಂದು ಐದನ್ನು ಇಟ್ಟು ಹೋಲಿಸಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಅಂದು ಅಳಿಯನ ಕೈಗೆ ಕೊಟ್ಟಿದ್ದರೆ ಅವನೇ ತೋರಿಸುತ್ತಿದ್ದ. ಇಷ್ಟಕ್ಕೂ ಅದರ ಬೆಲೆ ಎಷ್ಟು ಎಂದು ಗಡಿಯಾರದವನನ್ನು ಕೇಳಿದೆ. ‘ಒಳ್ಳೇ ಗಿರಾಕಿ ಸಿಕ್ರೆ ಒಂದು ಜೊತೆ ಚಪ್ಪಲಿ ಬರಬಹುದು’ ಎಂದ. ಅದೇ ಚಪ್ಪಲಿಯಲ್ಲಿ ಅಲ್ಲೇ ಹೊಡೆದುಕೊಳ್ಳಬೇಕು ಎನ್ನಿಸಿತು.

ನನ್ನದು ತಪ್ಪಾಯಿತು ಮಗಳೇ. ನಿನ್ನ ಗಂಡ ಕಳ್ಳನಲ್ಲ, ಎಂದೂ ಆಗಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಗೊತ್ತು. ಆದರೂ ನನ್ನ ಕೈಯಲ್ಲಾದದ್ದು ಮಾಡುತ್ತೇನೆ. ಈ ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ, ಅವನ ಮ್ಯಾನೇಜರಿಗೆ. ನಾಣ್ಯ ಬದಲಾಗಿರಲಿಲ್ಲ, ಅಳಿಯನ ಮೇಲೆ ನಾನು ಹೊರಿಸಿದ್ದು ಸುಳ್ಳು ಆರೋಪ, ಬೇಕಾದರೆ ನಾನೇ ನಾಣ್ಯ ತಂದು ಎಲ್ಲರ ಮುಂದೆ ಮಗುಚಿ ತೋರಿಸುತ್ತೇನೆ ಎಂದು ಬರೆದು ಸಹಿ ಹಾಕಿದ್ದೇನೆ. ಅದನ್ನು ಕೊಡುವುದು ಬಿಡುವುದು ಅವನಿಗೆ ಬಿಟ್ಟದ್ದು. ಅಂದು ಊಟಕ್ಕೆ ಬಂದಿದ್ದ ಪ್ರತಿಯೊಬ್ಬರ ಮನೆಗೂ ನಾನು ಹೋಗಿ ಹೇಳಿ ಬರುತ್ತೇನೆ, ನಿನ್ನ ಸೋದರಮಾವನ ಮಗನಿಂದಲೇ ಶುರು. ನಾಣ್ಯವನ್ನು ಮಾತ್ರ ನಿಮಗೆ ಕಳಿಸುತ್ತಿಲ್ಲ, ಲಂಚ ಕೊಟ್ಟ ಹಾಗಾಗುತ್ತದೆ. ಮನೆಗೆ ಬನ್ನಿ ಎಂದೂ ಕರೆಯುತ್ತಿಲ್ಲ. ನೀವಾಗಿ ಬಂದರೆ ಮೆಟ್ಟಿಲು ಇಳಿದು ಕೆಳಗೆ ಬಂದು ನಿಲ್ಲುತ್ತೇನೆ, ಎಷ್ಟು ಹೊತ್ತಾದರೂ ಸರಿ.

ಅಳಿಯನಿಗೆ ನನ್ನ ಕೈಮುಗಿದ ನಮಸ್ಕಾರ ತಿಳಿಸು. ವಯಸ್ಸಿನಲ್ಲಿ ದೊಡ್ಡವನು ಹೀಗೆ ಬರೆಯಬಾರದು ಎನ್ನುತ್ತಾರೆ, ಅನ್ನಲಿ. ಪುಟಾಣಿಯ ಎರಡು ಕೆನ್ನೆಗೂ ಮುತ್ತು. ನಿನಗೆ ಆರೋಗ್ಯ, ನೆಮ್ಮದಿ, ಬೆನ್ನಿಗೆ ಆರಾಮ ಸಿಗಲಿ ಎಂದು ಹರಸುವ,

ನಿನ್ನ ಅಪ್ಪ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ, ಅದಕ್ಕೇ ಹರಿದ ಹಾಗೆ ಕಾಣುತ್ತದೆ. ಹೋದ ಗುರುವಾರ ಗೊತ್ತಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಊಟವಾದ ಐದನೆಯ ವಾರ ಪ್ಲಾಸ್ಟರ್ ಬಿಚ್ಚಿದರು. ಅಂದು ಅಮ್ಮ ತರಕಾರಿಗೆ ಹೋದಾಗ ಸ್ಟೂಲು ಹತ್ತಿ ಡಬ್ಬಿ ಇಳಿಸಿದೆ. ಕೈ ಸರಿಯಾಗಿದೆಯೇ ನೋಡೋಣ ಎಂದು, ಅಷ್ಟೇ. ಬಲಗೈಯಲ್ಲಿ ಪುಟದ ಹಾಗೆ ತಿರುವಿದೆ, ಅಂಕಿ ತಲೆಕೆಳಗಾಗಿತ್ತು. ಅಲ್ಲೇ ನೆಲದ ಮೇಲೆ ಕೂತೆ. ಹೇಳೋಣ ಎಂದುಕೊಂಡೆ, ನಾಳೆ ಎಂದುಕೊಂಡೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಾನು. ಗಡಿಯಾರದವನ ಮುಂದೆ ಬಾಯಿ ಬಿಟ್ಟು ಆಶ್ಚರ್ಯಪಟ್ಟದ್ದು ನಾಟಕ. ಬೇರೆ ಯಾರಾದರೂ ಕಂಡುಹಿಡಿದ ಹಾಗಾದರೆ ನಿನಗೆ ಬರೆಯುವುದು ಸುಲಭವಾಗುತ್ತದೆ ಎಂದು ಬೇಕೆಂದೇ ಅವನ ಹತ್ತಿರ ಕೊಂಡುಹೋದೆ. ಬರೆದು ಮುಗಿಸಿದ ಮೇಲೆ ನೋಡಿದರೆ ಸುಲಭವಾಗಿರಲಿಲ್ಲ. ಅಳಿಯನ ಬೀಗದ ಕೈ ಕಿತ್ತುಕೊಂಡದ್ದು ಹನ್ನೆರಡನೆಯ ವಾರ. ನಡುವಿನ ಏಳು ವಾರ ನನಗೆ ಗೊತ್ತಿತ್ತು ಚೂಟಿ. ಇದನ್ನೂ ಅವನಿಗೆ ಓದಿ ಹೇಳು, ಬಿಡಬೇಡ. ಅಮ್ಮನಿಗೂ ಗೊತ್ತಿಲ್ಲ, ಇದನ್ನು ಅಂಚೆ ಡಬ್ಬಿಗೆ ಹಾಕಿ ಬಂದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಅವಳ ಮುಖ ನೋಡಿ ಇದನ್ನು ಹಾಕುವ ಧೈರ್ಯ ಉಳಿಯುವುದಿಲ್ಲ.